ಆಟದಾಗ ಗಂಡು ಹೆಣ್ಣು ಬ್ಯಾರೆ ಮಾಡೋದು ಯಾವ ವಯಸ್ಸಿನಿಂದ, ಯಾವ ಆಟಕ್ಕ?

ಆಳಂದ ಪಿಟಿ ಟೀಚರ್

ಎಲ್ಲರಿಗೂ ಶರಣು. ನಾನು ಆಳಂದ ತಾಲ್ಲೂಕಿನ ಒಂದು ಸರ್ಕಾರಿ ಸಾಲ್ಯಾಗ ಪಿಟಿ ಟೀಚರ್ ಇದ್ದೀನಿ. ಎರಡು ಕಡಿಯಿಂದ ಎರಡು ಥರದ ಮಾತು ಕೇಳ್ಲಾಕತ್ತೀನಿ, ಎರಡೂ ನನಗ ಸರಿ ಅನಸ್ಲಿಲ್ಲ. ಅದಕ್ಕ ನಿಮ್ಮೆಲ್ಲರ ಮುಂದ ಇಡ್ತೀನಿ.

ಮೊದಲನೇದು ಜಾತ್ರಿ ವಿಷಯ. ಮಕ್ಕಳ ಓಟದ ಸ್ಪರ್ಧೆ ಇಟ್ಟಿದ್ರು. ನಮ್ಮ ಸಾಲ್ಯಾಗ ಆರನೇ ಕ್ಲಾಸಿನ ಹುಡುಗಿ ಒಬ್ಬಾಕಿ ಅದಾಳ, ಬರಿಗಾಲಿಲೆ ಓಡಿದ್ರೂ ಅವಳ ಕ್ಲಾಸಿನ ಹುಡುಗರು ಹಿಂದೇ ಉಳೀತಾರ. ಹೆಸರು ಬರೆಸ್ಲಾಕ ಹೋದ್ರ, "ಓಟ ಹುಡುಗರಿಗಷ್ಟೇ ಟೀಚರ್, ಹುಡುಗ್ಯಾರಿಗಿ ರಂಗೋಲಿ ಅದ, ಕುರ್ಚಿ ಆಟ ಅದ" ಅಂದ್ರು. ಹುಡುಗರ ಜೋಡಿನೇ ಓಡ್ತಾಳ್ರಿ ಅಂದೆ. "ಸೋತ್ರ ಹುಡುಗರ ಮಾನ ಹೋಗ್ತದ, ಗೆದ್ರ ಅದರಾಗ ಏನ್ ದೊಡ್ಡದು" ಅಂದ್ರು. ಅವಳು ಗೆರಿ ಹೊರಗ ನಿಂತು ನೋಡಿದಳು.

ಎರಡನೇದು ಇದಕ್ಕ ಪೂರಾ ಉಲ್ಟಾ. ನಮ್ಮ ಶಿಕ್ಷಕರೊಬ್ಬರು ಓದಿಕೊಂಡವರು, ಒಳ್ಳೆ ಮನಸ್ಸಿನವರು. "ಈ ಕಾಲದಾಗ ಗಂಡು ಹೆಣ್ಣು ಅಂತ ಆಟ ಒಡೆಯೋದೇ ಅನ್ಯಾಯ. ಹೈಸ್ಕೂಲ್, ಕಾಲೇಜು, ಒಲಿಂಪಿಕ್ಸ್ ತನಕ ಎಲ್ಲಾ ಕೂಡೇ ಆಡಿಸಬೇಕು" ಅಂತಾರ.

ನನ್ನ ಅಭಿಪ್ರಾಯ ಮೊದಲೇ ಹೇಳ್ತೀನಿ. ಹನ್ನೆರಡರ ಒಳಗಿನ ಮಕ್ಕಳನ್ನ ಬ್ಯಾರೆ ಮಾಡಬಾರದು. ಹನ್ನೆರಡು ಹದಿಮೂರು ದಾಟಿದ ಮ್ಯಾಲ ಸ್ಪರ್ಧೆ ಬ್ಯಾರೆನೇ ಇರಬೇಕು, ಇಲ್ಲಾಂದ್ರ ನನ್ನ ಹುಡುಗ್ಯಾರಿಗಿ ಗೆಲ್ಲೋ ಜಾಗನೇ ಉಳಿಯಂಗಿಲ್ಲ. ಆದ್ರ ಹುಡುಗ್ಯಾರ ಸ್ಪರ್ಧೆನೇ ಇಡದೆ "ಬ್ಯಾರೆ" ಅನ್ನೋದು ಸುಳ್ಳು, ಅದು ಹೊರಗ ಹಾಕೋದು. ನೀವು ಏನಂತೀರಿ?

ಜೇವರ್ಗಿ ರೈಡರ್

ನಮಸ್ಕಾರ ಟೀಚರ್. ಜಾತ್ರಿಯವರು ಮಾಡಿದ್ದು ತಪ್ಪು, ಅದರಾಗ ಎರಡು ಮಾತಿಲ್ಲ. ಆದ್ರ ನನಗೊಂದು ಪ್ರಶ್ನೆ ಅದ.

ನಾನು ಪೊಲೀಸ್ ಕಾನ್‌ಸ್ಟೇಬಲ್ ನೇಮಕಾತಿಗಿ ತಯಾರಿ ಮಾಡ್ಲಾಕತ್ತೀನಿ. ಕಲಬುರಗಿ ಚಂದ್ರಶೇಖರ ಪಾಟೀಲ ಕ್ರೀಡಾಂಗಣಕ್ಕ ನಸುಕಿನ್ಯಾಗ ಬಂದು ನೋಡ್ರಿ, ನನ್ನಂಥವರು ಎಷ್ಟು ಮಂದಿ ಅಂತ. ಜೋಡಿಗಿ ಹುಡುಗ್ಯಾರೂ ಓಡ್ತಾರ. ನಮಗ 1600 ಮೀಟರ್, ಆರೂವರೆ ನಿಮಿಷದಾಗ. ಅವರಿಗಿ 400 ಮೀಟರ್, ಎರಡು ನಿಮಿಷದಾಗ. ಎಸೆಯೋ ಗುಂಡು ನಮಗ 7.26 ಕೆ.ಜಿ., ಅವರಿಗಿ 4 ಕೆ.ಜಿ. ನೌಕರಿ ಒಂದೇ, ಪಗಾರ ಒಂದೇ. ಸಮಾನತೆ ಬೇಕು ಅಂದ್ರ ಪರೀಕ್ಷೆನೂ ಒಂದೇ ಇರಬೇಕಲ್ಲ? ಬ್ಯಾರೆ ಅಳತಿ ಇಡೋದು ಅಂದ್ರ ಹೆಣ್ಮಕ್ಕಳಿಗಿ ಆಗಂಗಿಲ್ಲ ಅಂತ ನಾವೇ ಒಪ್ಪಿಕೊಂಡಂಗ ಅಲ್ಲಾ?

ಬೀದರ್ ಡಾಕ್ಟರ್

ತಮ್ಮಾ, ಕೇಳಬೇಕಾದ ಪ್ರಶ್ನೆಯೇ ಕೇಳಿದ್ದೀಯ. ವೈದ್ಯೆಯಾಗಿ ದೇಹದ ಕಡೆಯಿಂದ ಉತ್ತರ ಕೊಡುತ್ತೇನೆ.

ಹತ್ತು ಹನ್ನೊಂದು ವರ್ಷದವರೆಗೆ ಓಟದಲ್ಲಿ, ಜಿಗಿತದಲ್ಲಿ ಗಂಡು ಹೆಣ್ಣು ಮಕ್ಕಳ ನಡುವಿನ ಅಂತರ ತೀರ ಸಣ್ಣದು. ಹುಡುಗಿಯರು ಒಮ್ಮೆಲೇ ಎತ್ತರ ಬೆಳೆಯುವ ಕಾಲ ಹುಡುಗರಿಗಿಂತ ಸುಮಾರು ಎರಡು ವರ್ಷ ಮೊದಲೇ ಶುರುವಾಗುತ್ತದೆ. ಆರನೇ, ಏಳನೇ ತರಗತಿಯ ಸಾಲು ನೋಡಿ, ಹಿಂದೆ ನಿಲ್ಲುವ ಎತ್ತರದವರಲ್ಲಿ ಹುಡುಗಿಯರೇ ಎಷ್ಟೋ ಮಂದಿ ಇರುತ್ತಾರೆ. ಹಾಗಾಗಿ ಟೀಚರ್ ಹೇಳಿದ ಹುಡುಗಿ ಹುಡುಗರನ್ನು ಹಿಂದೆ ಹಾಕುವುದರಲ್ಲಿ ಅಚ್ಚರಿಯೇನಿಲ್ಲ.

ಆಮೇಲೆ ಹುಡುಗರಲ್ಲಿ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನ್ ಏರುತ್ತದೆ. ವಯಸ್ಕ ಗಂಡಸರ ರಕ್ತದಲ್ಲಿ ಅದು ಹೆಂಗಸರಿಗಿಂತ ಹತ್ತು ಪಟ್ಟಿಗೂ ಹೆಚ್ಚು. ಎಲುಬು ಉದ್ದವೂ ದಪ್ಪವೂ ಆಗುತ್ತದೆ, ಸ್ನಾಯು ಕೂಡುತ್ತದೆ, ಹೃದಯ ಮತ್ತು ಶ್ವಾಸಕೋಶ ದೊಡ್ಡದಾಗುತ್ತವೆ, ಹಿಮೋಗ್ಲೋಬಿನ್ ಹೆಚ್ಚುತ್ತದೆ. ಓಟದಲ್ಲಿ ಇದರ ಫಲ ಶೇ 10ರಿಂದ 12ರಷ್ಟು ಅಂತರ. ಜಿಗಿತದಲ್ಲಿ ಇನ್ನೂ ಜಾಸ್ತಿ, ತೋಳಿನ ಬಲ ಬೇಕಾದಲ್ಲಿ ಮತ್ತೂ ಜಾಸ್ತಿ. 100 ಮೀಟರಿನ ವಿಶ್ವದಾಖಲೆ ಉಸೇನ್ ಬೋಲ್ಟ್ ಹೆಸರಲ್ಲಿ 9.58 ಸೆಕೆಂಡ್, 2009ರದು. ಮಹಿಳೆಯರದು ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್ ಹೆಸರಲ್ಲಿ 10.49, 1988ರದು. ಹದಿನೆಂಟು ತುಂಬದ ಹುಡುಗರು ಎಷ್ಟೋ ಮಂದಿ ಜಗತ್ತಿನಲ್ಲಿ 10.49ಕ್ಕಿಂತ ಬೇಗ ಓಡಿದ್ದಾರೆ. ಎಲ್ಲರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿದರೆ ಜಗತ್ತಿನ ಅತಿ ವೇಗದ ಹೆಣ್ಣು ಫೈನಲ್‌ಗೂ ಬರುವುದಿಲ್ಲ. ಅವಳು ಕಡಿಮೆ ಕಷ್ಟಪಟ್ಟಳು ಅಂತ ಯಾರಾದರೂ ಹೇಳಲು ಸಾಧ್ಯವೇ?

ಇನ್ನೊಂದು ಮಾತು. ನಮ್ಮ ಭಾಗದ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಹೆಚ್ಚು. ನನ್ನ ಬಳಿ ಬರುವ ಹೈಸ್ಕೂಲ್ ಹುಡುಗಿಯರು ಮೆಟ್ಟಿಲು ಹತ್ತಿದರೆ ಏದುಸಿರು ಅಂತಾರೆ. ಪ್ರಕೃತಿ ಮಾಡಿದ ವ್ಯತ್ಯಾಸ ಯಾವುದು, ಊಟದ ತಟ್ಟೆ ಮಾಡಿದ ವ್ಯತ್ಯಾಸ ಯಾವುದು ಅಂತ ಬೇರ್ಪಡಿಸಿ ನೋಡಬೇಕು. ಮೊದಲನೆಯದಕ್ಕೆ ಪ್ರತ್ಯೇಕ ಸ್ಪರ್ಧೆ ಉತ್ತರ. ಎರಡನೆಯದಕ್ಕೆ ಅಲ್ಲ.

ಜೇವರ್ಗಿ ರೈಡರ್

ಡಾಕ್ಟರಮ್ಮಾ, ಓಟ ಒಪ್ಪಿದೆ. ಆದ್ರ ನಾನು ಕೇಳಿದ್ದು ನೌಕರಿ ಪರೀಕ್ಷೆ. ಅದು ಪದಕ ಅಲ್ಲ.

ಆಳಂದ ಪಿಟಿ ಟೀಚರ್

ತಮ್ಮಾ, ನೌಕರಿಗಿ ಏನು ಬೇಕು ಅಂತ ಅಳೀಲಿ, ನನ್ನ ತಕರಾರಿಲ್ಲ. ಪೊಲೀಸ್ ಕೆಲಸದಾಗ ಓಡೋದು ಒಂದು ಭಾಗ. ರಾತ್ರಿ ಠಾಣೆಗಿ ಬಂದ ಹೆಣ್ಣಿನ ದೂರು ಕೇಳೋದು, ಹೆಣ್ಣು ಆರೋಪಿಯನ್ನ ಶೋಧ ಮಾಡೋದು, ಇದಕ್ಕ ಹೆಣ್ಣು ಪೊಲೀಸರೇ ಬೇಕು. 7.26ರ ಗುಂಡು ಇಟ್ಟು ಅವರನ್ನ ಬಾಗಿಲಾಗೇ ತಡದ್ರ ಇಲಾಖೆಗೇ ನಷ್ಟ. ಆದ್ರ ಇದು ಬ್ಯಾರೆ ಚರ್ಚೆ ಆಗ್ತದ, ಆಟಕ್ಕ ವಾಪಸ್ ಬರೋಣು.

ವಾಡಿ ವಾಲಿಬಾಲ್

ನಾನು ವಾಡಿ ಕಾಲೋನಿಯೊಳಗ ಹರೇದಾಗಿಂದ ವಾಲಿಬಾಲ್ ಆಡಿದವ. ಈಗ ಮಂಡಿ ಕೇಳಂಗಿಲ್ಲ, ಹುಡುಗರಿಗಿ ಹೇಳಿಕೊಡ್ತೀನಿ. ನೆಟ್ ಎತ್ತರ ಗಂಡಸರಿಗಿ 2.43 ಮೀಟರ್, ಹೆಂಗಸರಿಗಿ 2.24. ಕಬಡ್ಡಿ ಅಂಕಣನೂ ಹಂಗೇ, ಗಂಡಸರಿಗಿ 13 ಮೀಟರ್ ಉದ್ದ 10 ಮೀಟರ್ ಅಗಲ, ಹೆಂಗಸರಿಗಿ 12 ಮತ್ತು 8. ಇದರಾಗ ಯಾರನ್ನೂ ಸಣ್ಣವರು ಮಾಡಿಲ್ಲ. ನೆಟ್ಟಿನ ಮ್ಯಾಲ ಕೈ ಬಂದ್ರೇ ಸ್ಮ್ಯಾಶ್, ಬ್ಲಾಕ್ ಎಲ್ಲಾ ಬರ್ತದ. ಕೈ ಬರದಷ್ಟು ಎತ್ತರ ಕಟ್ಟಿದ್ರ ಆಟದ ರುಚಿನೇ ಹೋಯ್ತು.

ಸಂಜಿಕ ಕಾಲೋನ್ಯಾಗ ಕೂಡೇ ಆಡಸ್ತೀನಿ, ಹುಡುಗ್ಯಾರು ಭಾಳ ಸುಧಾರಿಸ್ತಾರ. ವೇಗದ ಬಾಲಿಗಿ ಕೈ ಹೊಂದ್ತದ. ಕಣ್ಣಾರೆ ನೋಡಿದ್ದು ಹೇಳ್ತೀನಿ: ಹುಡುಗರ ಸ್ಮ್ಯಾಶ್ ತಗೊಂಡು ರೂಢಿ ಆದ ಹುಡುಗಿ ತನ್ನ ಪಂದ್ಯದಾಗ ಹಿಂದಿನ ಮೂಲ್ಯಾಗ ಅರ್ಧ ಮಂಡಿ ಬಗ್ಗಿಸಿ ನಿಲ್ತಾಳ. ಎರಡೂ ಮುಂಗೈ ಕೂಡಿಸಿ, ಬಾಲ್ ಬಂದದ್ದೇ ತಡ, ಸ್ಮ್ಯಾಶಿಗಿ ಬಾಲ್ ಎತ್ತಿಕೊಡೋ ಸೆಟ್ಟರ್ ಕೈಗಿ ಇಡ್ತಾಳ. ಎದುರಿನವರು ಎಷ್ಟು ಜೋರ ಹೊಡದ್ರೂ ಕಾಲು ಕದಲಂಗಿಲ್ಲ. ಆದ್ರ ಒಂದೇ ನೆಟ್ಟಿಗಿ ಖರೇ ಪಂದ್ಯ ಹಚ್ಚಿದ್ರ ಎತ್ತರದ ಹುಡುಗ ಹತ್ತಿರದಿಂದ ಹೊಡದಾಗ ಮುಖಕ್ಕ ಬೀಳ್ತದ. ಬೆರಳು ಮುರಿದದ್ದೂ ನೋಡೀನಿ. ಅದಕ್ಕ ರೂಢಿ ಕೂಡೇ, ಪಂದ್ಯ ಬ್ಯಾರೆ.

ಚದುರಂಗ ಕಲಬುರಗಿ

ದೇಹಬಲದ ಆಟಗಳ ಬಗ್ಗೆ ಡಾಕ್ಟರ್ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಬಲದ ಲೆಕ್ಕವೇ ಇಲ್ಲದ ಕಡೆ ಯಾಕೆ ಬೇರೆ?

ಶೂಟಿಂಗ್ ತಗೊಳ್ಳಿ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಸ್ಕೀಟ್ (ಹಾರಿಸಿದ ಮಣ್ಣಿನ ಬಿಲ್ಲೆಗೆ ಗುಂಡು ಹೊಡೆಯುವ) ಸ್ಪರ್ಧೆ ಗಂಡು ಹೆಣ್ಣು ಇಬ್ಬರಿಗೂ ಒಂದೇ ಇತ್ತು. ಚೀನಾದ ಜಾಂಗ್ ಶಾನ್ ಗಂಡಸರನ್ನೆಲ್ಲ ಹಿಂದಿಕ್ಕಿ ಚಿನ್ನ ಗೆದ್ದಳು. 1996ರ ಅಟ್ಲಾಂಟಾದಲ್ಲಿ ಸ್ಕೀಟ್ ಗಂಡಸರಿಗಷ್ಟೇ, ಮಹಿಳೆಯರಿಗೆ ಇಲ್ಲವೇ ಇಲ್ಲ. ಗೆದ್ದವಳಿಗೆ ತನ್ನ ಚಿನ್ನ ಉಳಿಸಿಕೊಳ್ಳಲು ಗುರಿ ಇಡುವ ಅವಕಾಶವೂ ಸಿಗಲಿಲ್ಲ. ಮಹಿಳಾ ಸ್ಕೀಟ್ ಬಂದದ್ದು 2000ರಲ್ಲಿ. ಟೀಚರ್, ನಿಮ್ಮ ಜಾತ್ರೆಯವರು ಮಾಡಿದ್ದೂ ಇದೇ ಕೆಲಸ.

ಚೆಸ್‌ನಲ್ಲಿ ಮುಕ್ತ ವಿಭಾಗ ಒಂದು, ಮಹಿಳಾ ವಿಭಾಗ ಒಂದು. ಮುಕ್ತದಲ್ಲಿ ಯಾರು ಬೇಕಾದರೂ ಆಡಬಹುದು. ಹಂಗೇರಿಯ ಜುಡಿತ್ ಪೋಲ್ಗಾರ್ ಮಹಿಳಾ ವಿಶ್ವ ಚಾಂಪಿಯನ್‌ಷಿಪ್ ಕಡೆ ತಿರುಗಿಯೂ ನೋಡದೆ ಮುಕ್ತದಲ್ಲೇ ಆಡಿ ಜಗತ್ತಿನ ಎಂಟನೇ ಸ್ಥಾನಕ್ಕೆ ಏರಿದರು, 2002ರಲ್ಲಿ ರ‍್ಯಾಪಿಡ್ (ಸಮಯ ಕಡಿಮೆ ಇರುವ) ಪಂದ್ಯವೊಂದರಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಸ್ಪರೋವ್ ಅವರನ್ನು ಸೋಲಿಸಿದರು. ಹಾಗಂತ ಮಹಿಳಾ ವಿಭಾಗ ತೆಗೆದುಹಾಕಿ ಅಂತ ನಾನು ಹೇಳುವುದಿಲ್ಲ. ನಮ್ಮೂರಿನ ಟೂರ್ನಿಯಲ್ಲಿ ನೂರು ಹುಡುಗರ ನಡುವೆ ನಾಲ್ಕು ಹುಡುಗಿಯರು ಕೂತಿರುತ್ತಾರೆ. ಆ ನಾಲ್ವರಿಗೆ ಮುಂದಿನ ಸಲವೂ ಬರಬೇಕು ಅನಿಸಲು ಒಂದು ಬಹುಮಾನ ಬೇಕು. ಆದರೆ ಮುಕ್ತದ ಬಾಗಿಲು ತೆರೆದೇ ಇರಬೇಕು. ಈ ಎರಡು ಬಾಗಿಲಿನ ಪದ್ಧತಿ ಉಳಿದ ಆಟಗಳಿಗೂ ಯಾಕೆ ಬೇಡ?

ಸುರಪುರ ಅಪ್ಪ

ನನ್ನ ಮಗಳು ಕಬಡ್ಡಿ ಆಡ್ತಾಳ, ಒಂಬತ್ತನೇ ಕ್ಲಾಸು. ಊರಾಗ ಹುಡುಗ್ಯಾರ ತಂಡ ಕಟ್ಟಬೇಕಂದ್ರ ಏಳು ಮಂದಿ ಬೇಕು. ನಾಲ್ಕು ಮಂದಿ ಸಿಗ್ತಾರ. ಉಳಿದವರನ್ನ ಮನ್ಯಾಗ ಬಿಡಂಗಿಲ್ಲ, ಒಬ್ಬಾಕಿಗಿ ಲಗ್ನನೇ ಆಯ್ತು. ಹಿಂಗಾಗಿ ಹುಡುಗರ ಜೋಡಿ ರೂಢಿ ಮಾಡ್ತಾಳ. ಮಂದಿ ಮಾತಾಡ್ತಾರ. ನನ್ನ ಅಣ್ಣನೇ ಬಂದು, "ಗಂಡುಡುಗರು ಕಾಲು ಹಿಡಿದು ಜಗ್ಗೋ ಆಟಕ್ಕ ಮಗಳನ್ನ ಕಳಸ್ತೀಯಲ್ಲ" ಅಂದ. ತೊಗರಿ ಕೊಯ್ಯೋವಾಗ, ರಾಶಿ ಮಾಡೋವಾಗ ಗಂಡು ಹೆಣ್ಣು ಕೂಡೇ ಇರ್ತಾರ, ಅಲ್ಲಿ ಯಾರೂ ಏನೂ ಅನ್ನಂಗಿಲ್ಲ ಅಂತ ನಾನು ಜವಾಬು ಕೊಟ್ಟೆ.

ಆದ್ರ ನನ್ನ ಮನಸ್ಸಿನ್ಯಾಗೂ ಪ್ರಶ್ನೆ ಅದ. ಹಿಂಗೇ ಎಷ್ಟು ವರ್ಷ? ಅವಳ ಮೈಗಿ ಪೆಟ್ಟು ಬಿದ್ರ? ತಾಲ್ಲೂಕು ಮಟ್ಟಕ್ಕ ಹೋದ್ರ ತಂಡ ಇಲ್ಲ ಅಂತ ವಾಪಸ್ ಕಳಸ್ತಾರ. ಕೂಡಿ ಆಡಂಗಿಲ್ಲ, ಬ್ಯಾರೆ ಆಡ್ಲಾಕ ತಂಡ ಇಲ್ಲ. ನಮ್ಮಂಥ ಹಳ್ಳಿ ಹುಡುಗ್ಯಾರು ಎಲ್ಲಿ ಹೋಗಬೇಕ್ರಿ?

ವಾಡಿ ವಾಲಿಬಾಲ್

ಸುರಪುರದ ಅಣ್ಣೋರ, ಕ್ರಿಕೆಟ್ಟಿನ ಶಫಾಲಿ ವರ್ಮಾ ಕಥಿ ಕೇಳೀರೇನು? ಹರಿಯಾಣದ ರೋಹ್ಟಕ್‌ನ್ಯಾಗ ಅಕಾಡೆಮಿಯವರು ಹುಡುಗಿ ಅಂತ ಸೇರಿಸಿಕೊಳ್ಳಲಿಲ್ಲ. ಅಪ್ಪ ಕೂದಲು ಕತ್ತರಿಸಿ ಹುಡುಗನಂಗ ಮಾಡಿ ಕಳಿಸಿದ. ಅಣ್ಣನಿಗಿ ಆರಾಮ ಇಲ್ಲದಾಗ ಅವನ ಜಾಗದಾಗ ಹುಡುಗರ ಟೂರ್ನಿ ಆಡಿದಳು. ಅದೇ ಹುಡುಗಿ 2025ರ ನವೆಂಬರ್ 2ಕ್ಕ ನವಿ ಮುಂಬೈಯೊಳಗ ವಿಶ್ವಕಪ್ ಫೈನಲ್‌ದಾಗ 87 ರನ್ ಹೊಡೆದು, ಎರಡು ವಿಕೆಟ್ ತಗೊಂಡು ಪಂದ್ಯಶ್ರೇಷ್ಠ ಆದಳು. ನಿಮ್ಮ ಮಗಳು ಹುಡುಗರ ಜೋಡಿ ಕಲೀಲಿ, ಅದು ಎಲ್ಲೂ ವ್ಯರ್ಥ ಆಗಂಗಿಲ್ಲ.

ಆಳಂದ ಪಿಟಿ ಟೀಚರ್

ವಾಡಿ ಅಣ್ಣೋರು ಕೊಟ್ಟ ಉದಾಹರಣೆಯೊಳಗೇ ನನ್ನ ಪೂರಾ ಮಾತು ಅದ. ಶಫಾಲಿ ಬೆಳೆದದ್ದು ಹುಡುಗರ ಬೌಲಿಂಗ್ ಎದುರು. ಗೆದ್ದದ್ದು ಹೆಣ್ಮಕ್ಕಳ ವಿಶ್ವಕಪ್. ಅಂಥದ್ದೊಂದು ಕಪ್ಪೇ ಇರದಿದ್ರ ಅವಳಿಗಿ ಯಾವ ತಂಡದಾಗ ಜಾಗ ಸಿಗ್ತಿತ್ತು? ವಿಜಯಪುರದ ರಾಜೇಶ್ವರಿ ಗಾಯಕವಾಡ 2017ರ ವಿಶ್ವಕಪ್‌ದಾಗ ನ್ಯೂಜಿಲೆಂಡ್ ಮ್ಯಾಲ 15 ರನ್ನಿಗಿ ಐದು ವಿಕೆಟ್ ತಗೊಂಡಾಗ ನಮ್ಮ ಕಡಿ ಹುಡುಗ್ಯಾರು ಬಾಲ್ ಹಿಡಿದರು. ಹುಡುಗ್ಯಾರಿಗಿ ಕಣ್ಣ ಮುಂದ ಒಂದು ಗೆಲುವು ಕಾಣಬೇಕು. ಗಂಡು ಹೆಣ್ಣು ಎಲ್ಲಾ ಒಂದೇ ತಂಡ ಮಾಡಿದ್ರ ಆ ಗೆಲುವು ಅವರಿಗಿ ಎಂದೂ ಕಾಣಂಗಿಲ್ಲ.

ಸುರಪುರ ಅಣ್ಣೋರ, ನಿಮ್ಮ ಪ್ರಶ್ನೆಗಿ: ಪಕ್ಕದ ಎರಡು ಮೂರು ಊರಿನ ಹುಡುಗ್ಯಾರನ್ನ ಕೂಡಿಸಿ ಒಂದು ಸಂಘದ ತಂಡ ಮಾಡ್ರಿ. ಸಾಲಿ ಕ್ರೀಡಾಕೂಟಕ್ಕ ಒಂದೇ ಸಾಲಿಯವರು ಇರಬೇಕು, ಆದ್ರ ಸಂಘದ ಟೂರ್ನಿಗಿ ಆ ಕಟ್ಟು ಇಲ್ಲ. ರೂಢಿಗಿ ಹುಡುಗರು ಇರಲಿ, ತೂಕ ನೋಡಿ ಜೋಡಿ ಹಚ್ಚ್ರಿ. 45 ಕೆ.ಜಿ. ಹುಡುಗಿಗಿ 65 ಕೆ.ಜಿ. ಹುಡುಗನ್ನ ಬಿಡಬ್ಯಾಡ್ರಿ. ಪಕ್ಕದಾಗ ಒಬ್ಬ ಹೆಣ್ಮಗಳು ನಿಂತಿರಲಿ, ನಿಮ್ಮ ಮನಿಯವರೇ ಆದ್ರೂ ನಡೀತದ.

ಹುಮನಾಬಾದ್ ತಾಯಿ

ನೀವೆಲ್ಲ ದಾಖಲೆ, ಕಪ್ ಮಾತಾಡ್ತೀರಿ. ನಾನು ಮಗಳನ್ನ ಖೋ ಖೋ ಬಿಡಿಸಿದ್ದು ಇದ್ಯಾವುದಕ್ಕೂ ಅಲ್ಲ. ಪಂದ್ಯದ ಜಾಗದಾಗ ಸಂಡಾಸಕ್ಕ ಕೀಲಿ ಹಾಕಿತ್ತು. ಬಟ್ಟಿ ಬದಲಿಸ್ಲಾಕ ನಾಲ್ಕು ಹುಡುಗ್ಯಾರು ದುಪಟ್ಟಾ ಹಿಡಿದು ಮರಿ ಮಾಡಿ ನಿಂತ್ರು, ಐದನೇದಾಕಿ ಒಳಗ ಬದಲಿಸಿದಳು. ಮುಟ್ಟಿನ ದಿನ ಬಂದ್ರ ಹೇಳಿಕೊಳ್ಳಲಾಕ ಒಬ್ಬ ಹೆಣ್ಣು ಟೀಚರ್ ಇಲ್ಲ. ಹೆಣ್ಣು ಟೀಚರ್ ಸಿಗಲಿಲ್ಲ ಅಂತ ಜಿಲ್ಲಾ ಮಟ್ಟಕ್ಕ ಹುಡುಗ್ಯಾರ ತಂಡನೇ ಕಳಿಸಲಿಲ್ಲ, ಹುಡುಗರ ತಂಡ ಜೀಪ್ ಹತ್ತಿ ಹೋಯ್ತು.

ಕೂಡಿ ಆಡಿಸ್ರಿ, ಬ್ಯಾರೆ ಆಡಿಸ್ರಿ, ಮೊದಲು ಇದನ್ನ ಸರಿ ಮಾಡ್ರಿ. ಆಮ್ಯಾಲ ಯಾವ ತಾಯಿ ಬ್ಯಾಡ ಅಂತಾಳ?

ಆಳಂದ ಪಿಟಿ ಟೀಚರ್

ಅಕ್ಕೋರ, ನೀವು ಹೇಳಿದ್ದು ನೂರಕ್ಕ ನೂರು ಖರೆ. ಮೈದಾನದ ಕಥಿನೂ ಇದೇ. ಸಾಲಿ ಬಯಲಿನ ನಡುವ ಹುಡುಗರ ಕ್ರಿಕೆಟ್ ಪಿಚ್. ಹುಡುಗ್ಯಾರ ಖೋ ಖೋ ಕಂಬ ಕಾಂಪೌಂಡ್ ಗೋಡಿ ಬಾಜೂಕ, ಅಲ್ಲಿ ಪೂರಾ ಹರಳು. ಡೈವ್ ಹೊಡದ್ರ ಮೊಣಕೈ ತರದು ರಕ್ತ ಬರ್ತದ. ಖೋ ಖೋ ಅಂದ್ರೇ ಡೈವ್! ಹಂತಾದ್ರಾಗ ಹುಡುಗ್ಯಾರು ಡೈವ್ ಕಲಿಯಂಗಿಲ್ಲ. ಕಂಬದ ಹತ್ತರ ತಿರುಗೋವಾಗ ವೇಗ ಕಡಿಮಿ ಮಾಡ್ತಾರ, ಎದುರಿನವರು ಅಷ್ಟರಾಗ ಪಾರಾಗ್ತಾರ. ಆಮ್ಯಾಲ ಹೇಳೋದು "ಹುಡುಗ್ಯಾರ ಆಟ ಮಂದ" ಅಂತ. 2025ರ ಜನವರಿಯೊಳಗ ದಿಲ್ಲ್ಯಾಗ ಮೊದಲ ಖೋ ಖೋ ವಿಶ್ವಕಪ್ ಆಯ್ತು, ನಮ್ಮ ಗಂಡಸರೂ ಗೆದ್ರು, ಹೆಂಗಸರೂ ಗೆದ್ರು. ಆ ಹೆಣ್ಮಕ್ಕಳ ಡೈವ್ ನೋಡ್ರಿ. ಅವರಿಗಿ ಮ್ಯಾಟ್ ಸಿಕ್ಕಿತ್ತು.

ನಾನು ವಾರದಾಗ ಮೂರು ದಿನ ನಡುವಿನ ಜಾಗ ಹುಡುಗ್ಯಾರಿಗಿ ಬರದು ಹಚ್ಚೀನಿ. ಹುಡುಗರು ಮೊದಮೊದಲು ಗೊಣಗಿದ್ರು. ಈಗ ಸುಣ್ಣದ ಗೆರಿ ಅವರೇ ಹಾಕಿಕೊಡ್ತಾರ.

ಕಾನೂನು ವಿದ್ಯಾರ್ಥಿನಿ

ಚರ್ಚೆ ಚೆನ್ನಾಗಿದೆ. ಆದರೆ "ಹೆಣ್ಣುಮಕ್ಕಳ ವಿಭಾಗ ಬೇರೆ" ಅಂದ ಕೂಡಲೇ ಇನ್ನೊಂದು ಪ್ರಶ್ನೆ ಏಳುತ್ತದೆ: ಅದರೊಳಗೆ ಯಾರು ಬರಬಹುದು ಅಂತ ತೀರ್ಮಾನಿಸುವವರು ಯಾರು, ಹೇಗೆ? ಇದರ ಬೆಲೆ ತೆತ್ತವರು ಹೆಣ್ಣುಮಕ್ಕಳೇ.

1966ರಲ್ಲಿ ಬುಡಾಪೆಸ್ಟ್‌ನ ಯುರೋಪಿಯನ್ ಕೂಟದಲ್ಲಿ ಹೆಣ್ಣೇ ಹೌದೋ ಅಂತ ತಿಳಿಯಲು ಕ್ರೀಡಾಪಟು ಹೆಣ್ಣುಮಕ್ಕಳನ್ನು ವೈದ್ಯರ ಮುಂದೆ ಬೆತ್ತಲೆ ನಿಲ್ಲಿಸಿ ನೋಡಿದರು. 1968ರಿಂದ ಒಲಿಂಪಿಕ್ಸ್‌ನಲ್ಲಿ ಕ್ರೋಮೋಸೋಮ್ ಪರೀಕ್ಷೆ ಬಂತು, 2000ದ ಸಿಡ್ನಿಗೆ ಮುಂಚೆ ಕೈಬಿಟ್ಟರು. ನಮ್ಮ ಪಕ್ಕದ ತಮಿಳುನಾಡಿನ ಶಾಂತಿ ಸೌಂದರರಾಜನ್ 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ 800 ಮೀಟರ್ ಬೆಳ್ಳಿ ಗೆದ್ದರು. ಪರೀಕ್ಷೆ ಮಾಡಿ ಪದಕ ಕಿತ್ತುಕೊಂಡರು, ದೇಶವೆಲ್ಲ ಅವರ ದೇಹದ ಬಗ್ಗೆ ಮಾತಾಡಿತು. ಬಡ ಕೂಲಿ ಕುಟುಂಬದ ಹೆಣ್ಣುಮಗಳು. ಹೆಣ್ಣಾಗಿ ಹುಟ್ಟಿ ಹೆಣ್ಣಾಗಿ ಬೆಳೆದವರು, ಮೋಸ ಮಾಡಲು ಬಂದವರಲ್ಲ. ಒಡಿಶಾದ ಓಟಗಾರ್ತಿ ದ್ಯುತಿ ಚಂದ್ ಅವರನ್ನು, ದೇಹದಲ್ಲಿ ಸಹಜವಾಗಿ ಟೆಸ್ಟೋಸ್ಟೆರಾನ್ ಹೆಚ್ಚಿದೆ ಅಂತ ನಿಯಮ ತೋರಿಸಿ, 2014ರಲ್ಲಿ ಕಾಮನ್‌ವೆಲ್ತ್ ಗೇಮ್ಸ್ ತಂಡದಿಂದ ಕೈಬಿಟ್ಟರು. ಅವರು ಕ್ರೀಡಾ ನ್ಯಾಯಮಂಡಳಿಗೆ ಹೋದರು, 2015ರಲ್ಲಿ ಆ ನಿಯಮಕ್ಕೆ ತಡೆ ಬಿತ್ತು, 2018ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ಗೆದ್ದರು. ದಕ್ಷಿಣ ಆಫ್ರಿಕಾದ ಓಟಗಾರ್ತಿ ಕ್ಯಾಸ್ಟರ್ ಸೆಮೆನ್ಯಾ ಅಂಥದೇ ನಿಯಮದ ವಿರುದ್ಧ 2019ರಲ್ಲಿ ಅದೇ ನ್ಯಾಯಮಂಡಳಿಯಲ್ಲಿ ಸೋತರು. 2025ರ ಜುಲೈನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, ಅವರಿಗೆ, ಮೇಲ್ಮನವಿ ಹಾಕಿದ್ದ ಸ್ವಿಟ್ಜರ್ಲೆಂಡ್‌ನಲ್ಲಿ ನ್ಯಾಯಯುತ ವಿಚಾರಣೆ ಸಿಗಲಿಲ್ಲ ಎಂದಿತು. ಅಷ್ಟರಲ್ಲಿ ಅವರ ಓಟದ ವಯಸ್ಸೇ ಮುಗಿದಿತ್ತು.

2025ರ ಸೆಪ್ಟೆಂಬರ್‌ನಿಂದ ಓಟ, ಜಿಗಿತ, ಎಸೆತದ ಜಾಗತಿಕ ಸಂಸ್ಥೆ ವರ್ಲ್ಡ್ ಅಥ್ಲೆಟಿಕ್ಸ್ ಮಹಿಳಾ ವಿಭಾಗಕ್ಕೆ ಬರುವ ಎಲ್ಲರಿಗೂ ಒಂದು ಸಲದ ವಂಶವಾಹಿ ಪರೀಕ್ಷೆ ಕಡ್ಡಾಯ ಮಾಡಿದೆ. ಗಂಡಸರಿಗೆ ಇಂಥ ಯಾವ ಪರೀಕ್ಷೆಯೂ ಇಲ್ಲ.

ಬೇರೆ ವಿಭಾಗ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಒಂದು ಹುಡುಗಿ ಚೆನ್ನಾಗಿ ಓಡಿದರೆ, ದನಿ ದಪ್ಪ ಇದ್ದರೆ, ಮೀಸೆ ಕೂದಲು ಕಂಡರೆ "ಇವಳು ಹುಡುಗಿನೇನಾ?" ಅಂತ ಕೇಳುವ ಬಾಯಿ ನಮ್ಮ ತಾಲ್ಲೂಕು ಮೈದಾನದಲ್ಲೂ ಇದೆ. ಸಾಲಿ ಮಟ್ಟದಲ್ಲಿ ಆ ಪ್ರಶ್ನೆ ಕೇಳುವ ಹಕ್ಕು ಯಾರಿಗೂ ಇರಬಾರದು.

ಬೀದರ್ ಡಾಕ್ಟರ್

ಕೊನೆಯ ಮಾತಿಗೆ ನನ್ನ ಪೂರ್ಣ ಸಹಮತ. ಅಂಥ ಸಂಶಯ ಇಟ್ಟುಕೊಂಡು ಮಗುವನ್ನು ನನ್ನ ಹತ್ತಿರ ಕರೆದುಕೊಂಡು ಬಂದವರಿದ್ದಾರೆ. ಮಗು ತಲೆ ತಗ್ಗಿಸಿ ಕೂತಿರುತ್ತದೆ. ಆ ಮಗುವಿಗೆ ಆರೋಗ್ಯದ ಪ್ರಶ್ನೆ ಇದ್ದರೆ ನಾನು, ಅದರ ತಂದೆ ತಾಯಿ, ಆ ಮಗು, ಇಷ್ಟೇ ಜನರಿಗೆ ಸೇರಿದ ವಿಷಯ. ಊರಿಗೆ ಸೇರಿದ್ದಲ್ಲ.

ಕಲಬುರಗಿ ಖೋ ಖೋ

ನಾನು ಟ್ರಾನ್ಸ್ ಮಹಿಳೆ, ಹುಟ್ಟಿದಾಗ ಗಂಡು ಅಂದ್ರು, ಆದ್ರ ನಾನು ಹೆಣ್ಣು. ಯಾರಾದ್ರೂ ನಮ್ಮ ಮಾತು ಎತ್ತತಾರ ಅಂತ ಓದ್ಕೋತ ಬಂದೆ, ಯಾರೂ ಎತ್ತಲಿಲ್ಲ. ಅದಕ್ಕ ನಾನೇ ಬರೀತೀನಿ.

ಸಾಲ್ಯಾಗ ಹುಡುಗರ ಖೋ ಖೋ ತಂಡದಾಗ ಇದ್ದೆ, ಛಲೋ ಆಡ್ತಿದ್ದೆ. ನಡಿಗಿ ನೋಡಿ ಹೆಸರಿಟ್ಟು ಕರೀತಿದ್ರು. ಬಟ್ಟಿ ಬದಲಿಸೋ ಕೋಣಿಯೊಳಗ ಆದದ್ದು ಇಲ್ಲಿ ಬರೆಯಂಗಿಲ್ಲ. ಒಂಬತ್ತನೇ ಕ್ಲಾಸಿಗಿ ಆಟ ಬಿಟ್ಟೆ, ಮುಂದ ಸಾಲಿನೂ ಬಿಟ್ಟೆ. ಈಗ ನನ್ನ ವಯಸ್ಸಿನವರು ಸಂಜಿಕ ಮೈದಾನಕ್ಕ ಹೋಗ್ತಾರ. ನಾನು ಗಂಡಸರ ಕಡಿ ನಿಲ್ಲಂಗಿಲ್ಲ, ಹೆಂಗಸರ ಕಡಿ ನಿಲ್ಲಿಸಿಕೊಳ್ಳಂಗಿಲ್ಲ.

2023ರಾಗ ವರ್ಲ್ಡ್ ಅಥ್ಲೆಟಿಕ್ಸ್ ನಮ್ಮಂಥವರನ್ನ ಮಹಿಳಾ ವಿಭಾಗದಿಂದ ಹೊರಗ ಇಟ್ಟದ್ದು ನನಗ ಗೊತ್ತದ. ಡಾಕ್ಟರಮ್ಮ ಹೇಳಿದ ಎಲುಬಿನ ಮಾತೂ ಗೊತ್ತದ. ನಾನು ಒಲಿಂಪಿಕ್ಸ್ ಪದಕ ಕೇಳ್ಲಾಕ ಬಂದಿಲ್ಲ. 2021ರಾಗ ನಮ್ಮ ಸರ್ಕಾರ ನೌಕರಿಯೊಳಗ ನಮಗ ಶೇ 1 ಮೀಸಲಾತಿ ಕೊಟ್ಟದ. ನೌಕರಿಯೊಳಗ ಜಾಗ ಅದ ಅಂದ ಮ್ಯಾಲ ಸಂಜಿಕ ಒಂದು ತಾಸು ಆಡ್ಲಾಕ ಜಾಗ ಯಾಕ ಇರಬಾರದು?

ಜೇವರ್ಗಿ ರೈಡರ್

ಅಕ್ಕಾ, ನಿಮಗ ಹಂಗ ಆದದ್ದು ಓದಿ ಭಾಳ ಬ್ಯಾಸರ ಆಯ್ತು. ಒಂದು ನೇರ ಕೇಳ್ತೀನಿ, ತಪ್ಪು ತಿಳೀಬ್ಯಾಡ್ರಿ. ನೀವು ಹೆಂಗಸರ ತಂಡದಾಗ ಬಂದು ಗೆದ್ರ ಸೋತ ಹುಡುಗ್ಯಾರು ಏನನ್ನಬೇಕು? ಡಾಕ್ಟರಮ್ಮ, ಔಷಧ ತಗೊಂಡು ಟೆಸ್ಟೋಸ್ಟೆರಾನ್ ಇಳಿಸಿದ್ರ ಎಲ್ಲಾ ಸಮ ಆಗ್ತದೇನ್ರಿ?

ಬೀದರ್ ಡಾಕ್ಟರ್

ಎಲ್ಲ ಸಮ ಆಗುವುದಿಲ್ಲ. ಹಿಮೋಗ್ಲೋಬಿನ್ ಕೆಲವು ತಿಂಗಳಲ್ಲೇ ಇಳಿಯುತ್ತದೆ. ಸ್ನಾಯುವಿನ ಬಲ ನಿಧಾನಕ್ಕೆ ಇಳಿಯುತ್ತದೆ, ಪೂರ್ತಿ ಅಲ್ಲ. ಎತ್ತರ, ಎಲುಬಿನ ಉದ್ದ ಹಾಗೇ ಉಳಿಯುತ್ತದೆ. ಅದಕ್ಕೇ ಪದಕ, ನೌಕರಿ, ಹಣ ಇರುವ ಮೇಲಿನ ಮಟ್ಟದಲ್ಲಿ ಪ್ರತ್ಯೇಕ ನಿಯಮ ಬೇಕಾಗುತ್ತದೆ ಎಂದು ನಾನು ಒಪ್ಪುತ್ತೇನೆ. ಆದರೆ ಕಲಬುರಗಿಯ ಅಪ್ಪನ ಕೆರೆ ಹತ್ತಿರ ಸಂಜೆ ಆಡುವ ಆಟಕ್ಕೆ ಯಾವ ಒಲಿಂಪಿಕ್ಸ್ ನಿಯಮ? ಅಲ್ಲಿ ಬೇಕಾದದ್ದು ಜಾಗ ಬಿಡುವ ಮನಸ್ಸು.

ಕಾನೂನು ವಿದ್ಯಾರ್ಥಿನಿ

ಎಲ್ಲರನ್ನೂ ಸೇರಿಸಿಕೊಳ್ಳುವ ಆಟದ ರೂಪಗಳೂ ಇವೆ. ಬ್ಯಾಡ್ಮಿಂಟನ್ ಮಿಶ್ರ ಡಬಲ್ಸ್ 1996ರಿಂದ ಒಲಿಂಪಿಕ್ಸ್‌ನಲ್ಲಿದೆ. 4x400 ಮಿಶ್ರ ರಿಲೇ ಟೋಕಿಯೊದಲ್ಲಿ ಬಂತು. 2024ರ ಪ್ಯಾರಿಸ್‌ನಲ್ಲಿ ಮನು ಭಾಕರ್ ಮತ್ತು ಸರಬ್ಜೋತ್ ಸಿಂಗ್ ಏರ್ ಪಿಸ್ತೂಲ್ ಮಿಶ್ರ ತಂಡದಲ್ಲಿ ಕಂಚು ಗೆದ್ದರು. ಇಂಥಲ್ಲಿ ಹುಡುಗಿ ತಂಡಕ್ಕೆ ಅನಿವಾರ್ಯ. ತಂಡ ಗೆಲ್ಲಬೇಕಾದರೆ ಊರಿನವರು ಹುಡುಗಿಯನ್ನೂ ತಯಾರು ಮಾಡಲೇಬೇಕು. ಸುರಪುರದ ಅಣ್ಣನಿಗೆ ನಾಲ್ಕು ಹುಡುಗಿಯರು ಇದ್ದಾರಲ್ಲ, ಜಾತ್ರೆಗೆ ಮಿಶ್ರ ಕಬಡ್ಡಿ ಇಡಿಸಿ, ತಂಡದಲ್ಲಿ ಕಡ್ಡಾಯ ಮೂವರು ಹುಡುಗಿಯರು, ಹುಡುಗಿಯ ರೇಡ್‌ಗೆ ಹುಡುಗಿಯರೇ ಹಿಡಿಯಬೇಕು ಅಂತ ನಿಯಮ ಬರೆಸಿ.

ಜೇವರ್ಗಿ ರೈಡರ್

ಆ ನಿಯಮದಾಗ ಆಟ ಕೆಡ್ತದ ಅಕ್ಕಾ. ಹುಡುಗಿ ರೇಡಿಗಿ ಬಂದಾಗ ನಾಲ್ಕು ಹುಡುಗರು ಸುಮ್ನ ನಿಂತ್ರ ಅದು ಕಬಡ್ಡಿ ಆಗಂಗಿಲ್ಲ. ಮಿಶ್ರ ರಿಲೇ ಇಡ್ರಿ, ಖೋ ಖೋ ಇಡ್ರಿ, ಅಲ್ಲಿ ಮುಟ್ಟಿದ್ರ ಸಾಕು, ಹಿಡಿದು ಎಳೆಯೋದಿಲ್ಲ. ಕಲಬುರಗಿ ಅಕ್ಕನೂ ಅದರಾಗ ಆಡಬಹುದು. ಯಾವ ಕಡಿ ಅನ್ನೋ ಪ್ರಶ್ನೆನೇ ಬರಂಗಿಲ್ಲ.

ಕಲಬುರಗಿ ಖೋ ಖೋ

ತಮ್ಮಾ, ಇಡಸ್ತಿದ್ರ ಹೇಳು. ಕೂತವರಿಗಿ ಬೆನ್ನ ಮ್ಯಾಲ ಖೋ ಕೊಡೋದು ನನಗ ಇನ್ನೂ ಮರ್ತಿಲ್ಲ.

ಆಳಂದ ಪಿಟಿ ಟೀಚರ್

ಇಷ್ಟು ಮಂದಿ ಮನಸ್ಸಿಟ್ಟು ಬರದೀರಿ. ಮುಂದಿನ ಜಾತ್ರಿ ಕಮಿಟಿಯವರ ಹತ್ತರ ನಾನು ಹಿರಿಯರನ್ನ ಕರಕೊಂಡು ಹೋಗ್ತೀನಿ. ಹನ್ನೆರಡರ ಒಳಗಿನವರಿಗಿ ಓಟ ಒಂದೇ, ಕೂಡೇ. ಅದರ ಮ್ಯಾಲಿನವರಿಗಿ ಹುಡುಗರದು ಬ್ಯಾರೆ, ಹುಡುಗ್ಯಾರದು ಬ್ಯಾರೆ, ಬಹುಮಾನದ ರೊಕ್ಕ ಎರಡಕ್ಕೂ ಸಮ. ಮಿಶ್ರ ಖೋ ಖೋ ಒಂದು, ದೊಡ್ಡವರಿಗಿ, ಯಾರು ಬೇಕಾದ್ರೂ ಆಡಬಹುದು. ಹುಮನಾಬಾದ್ ಅಕ್ಕೋರ ಮಾತು ಮರೆತಿಲ್ಲ: ಮೈದಾನದ ಬಾಜೂಕಿನ ಸಂಡಾಸದ ಕೀಲಿ ಅವತ್ತು ಮುಂಜಾನಿಂದ ಒಬ್ಬ ಹೆಣ್ಮಗಳ ಕೈಯಾಗ ಇರಬೇಕು ಅಂತ ಪತ್ರದಾಗೇ ಬರೀತೀನಿ.

ಒಂದು ಮಾತಷ್ಟೇ ತೀರ್ಮಾನ ಆಗಿಲ್ಲ. ಸಣ್ಣವರ ಕೂಡು ಓಟದಾಗ ಬಹುಮಾನ ಮೊದಲ ಮೂರು ಮಂದಿಗೇ ಸಾಕಾ, ಇಲ್ಲಾ ಹುಡುಗ್ಯಾರೊಳಗ ಮೊದಲು ಬಂದಾಕಿಗಿ ಬ್ಯಾರೆ ಒಂದು ಇಡಬೇಕಾ?

ಚದುರಂಗ ಕಲಬುರಗಿ

ಇಡಿ. ಹೆಸರು ಬರೆಸಲು ಬರುವ ಹುಡುಗಿಯರ ಸಂಖ್ಯೆ ಹೆಚ್ಚಾಗುವವರೆಗಾದರೂ ಇಡಿ.

ಸುರಪುರ ಅಪ್ಪ

ಬ್ಯಾಡ್ರಿ ಟೀಚರ್. ನಿಮ್ಮ ಹುಡುಗಿ ಎಲ್ಲಾರನ್ನೂ ಹಿಂದ ಹಾಕ್ತಾಳ ಅಂತ ನೀವೇ ಬರದೀರಿ. ಅವಳಿಗಿ ಕೂಡು ಓಟದ ಮೊದಲನೇ ಬಹುಮಾನನೇ ಕೊಡ್ರಿ. ಬ್ಯಾರೆ ಒಂದು ಇಟ್ರ ಊರ ಮಂದಿ ಅದನ್ನೇ ಅವಳ ಕೈಗಿ ಕೊಟ್ಟು, ಮೊದಲನೇದು ಎರಡನೇ ಬಂದ ಹುಡುಗನಿಗಿ ಕೊಡ್ತಾರ. ನಾನು ಜಾತ್ರಿ ಕಮಿಟಿಯವರನ್ನ ಬಲ್ಲೆ. ಇಡಲೇಬೇಕು ಅಂದ್ರ ಒಬ್ಬರಿಗಿ ಎರಡೂ ಬರಬಹುದು ಅಂತ ಮೊದಲೇ ಮೈಕಿನ್ಯಾಗ ಹೇಳಿಸ್ರಿ.